ವಾರಿಜಳ ಕ್ಯಾಸೆಟ್ಟಿಗೆ ಸ್ಪೀಕರು

ನಮ್ಮೂರಿನಲ್ಲಿ ಕ್ಯಾಸೆಟ್ಟಿನ ಹಾಡು ಒಬ್ಬರಿಗೆ ಒಂದೇ ಸಲ ಕೇಳುತ್ತದೆ. ಎರಡನೇ ಸಲ ಹಾಕಿದರೆ ಚಕ್ರ ತಿರುಗುತ್ತದೆ, ಕೆಂಪು ದೀಪ ಉರಿಯುತ್ತದೆ, ಪಕ್ಕದಲ್ಲಿ ಕೂತು ಮೊದಲ ಸಲ ಕೇಳುತ್ತಿರುವವರು ತಲೆದೂಗುತ್ತಾರೆ, ನಿಮ್ಮ ಕಿವಿಗೆ ಮಾತ್ರ ಏನೂ ಬೀಳುವುದಿಲ್ಲ. ನಕಲು ಮಾಡಿಸಿ ತಂದರೂ ಅಷ್ಟೆ. ಎದುರಿಗೆ ಕೂತು ಹಾಡುವವರಿಗೆ ಈ ಕಟ್ಟಿಲ್ಲ; ಅವರು ನೂರು ಸಲ ಹಾಡಿದರೆ ನೂರು ಸಲ ಕೇಳಬಹುದು. ಹಿಡಿದಿಟ್ಟ ದನಿಗೆ ಮಾತ್ರ ಹೀಗೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ನೋಡಿಕೊಂಡು ಬರುತ್ತೇನೆಂದು ಹೋದವರು ಯಾರೂ ವಾಪಸು ಬಂದು ಹೇಳಿಲ್ಲ.

ಆದ್ದರಿಂದ ನಮ್ಮಲ್ಲಿ ಕಿಟಕಿ ತೆರೆದಿಟ್ಟುಕೊಂಡು ಯಾರೂ ಹಾಡು ಹಾಕುವುದಿಲ್ಲ. ದಾರಿಯಲ್ಲಿ ಹೋಗುವವರ ಕಿವಿಗೆ ಬಿದ್ದರೆ ಅವರ ಪಾಲಿನದು ಮುಗಿದೇಹೋಯಿತು. ಅದಕ್ಕಾಗಿ ತಲೆ ಒಡೆದುಕೊಂಡವರಿದ್ದಾರೆ. ಮದುವೆಗೆ ಕ್ಯಾಸೆಟ್ಟು ಉಡುಗೊರೆ ಕೊಡುವವರು ಅರಗು ಹಾಕಿ ಕೊಡುತ್ತಾರೆ. ಸ್ವಲ್ಪ ಅನುಕೂಲಸ್ಥರಾದರೆ ಮನೆ ಕಟ್ಟಿಸುವಾಗ ದೇವರ ಕೋಣೆಯ ಜತೆಗೆ ಕೇಳುವ ಕೋಣೆ ಎಂದು ಒಂದನ್ನು ಕಟ್ಟಿಸುತ್ತಾರೆ. ಅದಕ್ಕೆ ಕಿಟಕಿ ಇರುವುದಿಲ್ಲ, ಗೋಡೆಗೆಲ್ಲ ತೆಂಗಿನ ನಾರಿನ ಹಾಸು ಹೊಡೆದಿರುತ್ತಾರೆ, ಬಾಗಿಲು ಒಂದು ಗೇಣು ದಪ್ಪ. ಒಂದೇ ಸಲ ಕೇಳುವುದಾದ ಮೇಲೆ ಚೆನ್ನಾಗಿ ಕೇಳಬೇಕಲ್ಲ. ಅಳಿಯನನ್ನು ಹುಡುಕುವಷ್ಟೇ ಎಚ್ಚರದಿಂದ ನಮ್ಮೂರ ಜನ ಸ್ಪೀಕರು ಹುಡುಕುತ್ತಾರೆ.

ನನ್ನ ಹೆಸರು ಅಂಬುಜಾ. ನಮ್ಮ ತಂದೆಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಬುದ್ಧಿ ಬಂದಾಗಿನಿಂದ ನಾನು ಅಲ್ಲೇ ಕೂತವಳು. ಹಿತ್ತಾಳೆ ಕೊಳಗವನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಎಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಎಲ್ಲಿ ಬೆಸುಗೆ ಹಾಕಿ ಮುಚ್ಚಿದ್ದಾರೆ ಎನ್ನುವುದು ನನಗೆ ಗೊತ್ತಾಗುತ್ತಿತ್ತು. ಒಂದು ದಿನ ಶ್ರೀಕಂಠಯ್ಯನವರು ಹಂಡೆ ಕೊಳ್ಳಲು ಬಂದರು. ಕೋರ್ಟಿನಲ್ಲಿ ಶಿರಸ್ತೇದಾರರು; ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಆರಿಸಿದ ಹಂಡೆಯನ್ನು ತಟ್ಟಿ ನೋಡಿ, "ಇದು ಬೇಡ, ತಳ ಬಿಟ್ಟಿದೆ" ಎಂದೆ. ಅವರು ಹಂಡೆಯನ್ನು ನೋಡಲಿಲ್ಲ, ನನ್ನ ಕಿವಿಯನ್ನು ನೋಡಿದರು. ಓಲೆಯ ಮೇಲೆ ಕಣ್ಣು ಬಿತ್ತೇನೋ ಎಂದು ಆಗ ಅಂದುಕೊಂಡೆ. ಎರಡು ವಾರಕ್ಕೆ ಹೆಣ್ಣು ಕೇಳಿಕೊಂಡು ಬಂದರು. ನನಗೆ ಇಪ್ಪತ್ತೆಂಟು ದಾಟಿತ್ತು. ನಮ್ಮಪ್ಪ ಎರಡು ಸಲ ಯೋಚಿಸಲಿಲ್ಲ.

ಅವರ ಮೊದಲ ಹೆಂಡತಿಯ ಹೆಸರು ವಾರಿಜಾ. ಅಂಬುಜಾ ಅಂದರೂ ತಾವರೆ, ವಾರಿಜಾ ಅಂದರೂ ತಾವರೆ. "ಹೆಸರು ಬೇರೆಯಾದ್ರೂ ಹೂವು ಒಂದೇ" ಎಂದು ಮದುವೆಯ ದಿನ ಯಾರೋ ಮುದುಕಿ ಹೇಳಿ ನಕ್ಕಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮದುವೆಯಾದ ನಾಲ್ಕನೇ ದಿನ ಅವರು ಬೀರುವಿನಿಂದ ಒಂದು ಕ್ಯಾಸೆಟ್ಟು ತೆಗೆದು ತೋರಿಸಿದರು. ಬಿಳಿ ಚೀಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ 'ವಾರಿಜಾ, ಹಸೆ ಹಾಡು' ಎಂದು ಬರೆದಿತ್ತು. ಅವಳು ಬಹಳ ಚೆನ್ನಾಗಿ ಹಾಡುತ್ತಿದ್ದಳಂತೆ. ಸಾಯುವ ಎರಡು ತಿಂಗಳ ಮುಂಚೆ ಹಾಡಿದ್ದಂತೆ. "ನಾನೇ ಟೇಪ್ ರೆಕಾರ್ಡರ್ ತಂದ್ಕೊಟ್ಟು, ಕೂರಿಸಿ ಹಾಡಿಸಿದ್ದು" ಎಂದರು. "ಇನ್ನೂ ಕೇಳಿಲ್ಲ. ಹಾಳು ಸೆಟ್ಟಿನಲ್ಲಿ ಕೇಳಿ ಕೆಡಿಸ್ಕೋಬಾರ್ದು. ಅದಕ್ಕೆ ತಕ್ಕ ಸ್ಪೀಕರ್ ಸಿಗಲಿ, ಕೋಣೆ ಸಿದ್ಧವಾಗಲಿ, ಆಮೇಲೆ ಕೇಳ್ತೀನಿ. ನಿನ್ನ ಕಿವಿ ಸೂಕ್ಷ್ಮ. ನೀನು ಆರಿಸಿಕೊಡ್ಬೇಕು."

ಅವರು ಅಂದು ಓಲೆಯನ್ನಲ್ಲ ನೋಡಿದ್ದು ಎಂದು ನನಗೆ ತಿಳಿದದ್ದು ಆಗ. ತಿಳಿದು ಏನು ಮಾಡುವುದು? ನಾಲ್ಕು ದಿನದ ಮದುಮಗಳು ನಾನು. ಆಯಿತು ಎಂದೆ.

ಊರಿಗೆಲ್ಲ ಸ್ಪೀಕರು ಮಾಡಿಕೊಡುತ್ತಿದ್ದವರು ದಸ್ತಗೀರ್ ಸಾಹೇಬರು. ಮೊದಲು ಮಂಚ, ಕಪಾಟು ಮಾಡುವ ಬಡಗಿ. ಆಮೇಲೆ ಸ್ಪೀಕರಿನ ಪೆಟ್ಟಿಗೆಗೇ ನಿಂತರು. ಒಳಗಿನ ಸಾಮಾನನ್ನು ಎಲ್ಲೆಲ್ಲಿಂದಲೋ ತರಿಸಿ, ಹಲಸು, ಬೀಟೆ, ತೇಗದ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದರು. ಅವರ ಅಂಗಡಿಯಲ್ಲಿ ಸ್ಪೀಕರು ಆರಿಸುವುದೆಂದರೆ ಇಡೀ ದಿನದ ಕೆಲಸ. ಎರಡು ಜೋಡಿಗಳನ್ನು ತೂಗಿ ನೋಡಲು ಒಂದೇ ಹಾಡನ್ನು ಎರಡರಲ್ಲೂ ಹಾಕುವಂತಿಲ್ಲವಲ್ಲ, ಎರಡನೆಯದರಲ್ಲಿ ಕೇಳಿಸುವುದೇ ಇಲ್ಲ. ಅದಕ್ಕೆ ಅವರು ಎದುರಿಗೇ ಒಂದು ಸದ್ದು ಮಾಡುತ್ತಿದ್ದರು: ಬಟ್ಟೆ ಹರಿಯುವುದು, ತಟ್ಟೆಗೆ ಅಕ್ಕಿ ಸುರಿಯುವುದು, ಗಡಿಗೆಯಿಂದ ನೀರು ಬಗ್ಗಿಸುವುದು. ಅದನ್ನು ಹಿಡಿದು ಒಂದು ಜೋಡಿಯಲ್ಲಿ ಹಾಕುವುದು. ಮತ್ತೆ ಹೊಸದಾಗಿ ಅಕ್ಕಿ ಸುರಿದು, ಹಿಡಿದು, ಇನ್ನೊಂದರಲ್ಲಿ ಹಾಕುವುದು. ಯಾವುದು ನಿಜದ ಅಕ್ಕಿಗೆ ಹತ್ತಿರ ಎಂದು ಗಿರಾಕಿ ಹೇಳಬೇಕು. ಮುಕ್ಕಾಲು ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಬೆಲೆ ಕೇಳಿ, ಹೊಳಪು ನೋಡಿ ಒಯ್ಯುತ್ತಿದ್ದರು. ನನಗೆ ಗೊತ್ತಾಗುತ್ತಿತ್ತು. "ಇದ್ರಲ್ಲಿ ಅಕ್ಕಿ ಮರಳಿನ ಹಾಗೆ ಬೀಳ್ತಾ ಇದೆ, ಸಾಹೇಬ್ರೇ" ಎಂದರೆ ಅವರು ಗಡ್ಡ ಸವರಿಕೊಂಡು, "ಅಮ್ಮಾ, ನೀವು ಬಂದ್ರೆ ನಂಗೆ ಜ್ವರ ಬರತ್ತೆ" ಎನ್ನುತ್ತಿದ್ದರು.

ಮೊದಲ ಜೋಡಿ ಬಂದದ್ದು ಮದುವೆಯಾದ ವರ್ಷವೇ. ಎದೆಯುದ್ದದ ಹಲಸಿನ ಪೆಟ್ಟಿಗೆ. ಅದರಲ್ಲಿ ಗಂಡಸಿನ ದನಿ ತುಂಬಿ ಬರುತ್ತಿತ್ತು, ಹೆಣ್ಣುದನಿ ಮೂಗಿಗೆ ಏರುತ್ತಿತ್ತು. ವರ್ಷದೊಳಗೆ ವಾಪಸು. ಎರಡನೆಯದು ಪರವಾಗಿರಲಿಲ್ಲ, ಆದರೆ ಕೋಣೆಯೇ ಸರಿಯಿಲ್ಲ ಎನ್ನಿಸಿತು ಇವರಿಗೆ. ಮೂಲೆಯಲ್ಲಿಟ್ಟರೆ ಗುಂಯ್ ಎನ್ನುತ್ತದೆ, ಗೋಡೆಯಿಂದ ಮೂರಡಿ ಮುಂದೆ ತಂದರೆ ಸೊರಗುತ್ತದೆ. ನಾನು ಕುರ್ಚಿಯಲ್ಲಿ ಕೂರುವುದು, ಅವರು ಪೆಟ್ಟಿಗೆಯನ್ನು ಗೇಣುಗೇಣು ಸರಿಸುವುದು. "ಈಗ?" "ಇಲ್ಲ." "ಈಗ?" "ಸ್ವಲ್ಪ ಎಡಕ್ಕೆ." ನೆಲದ ಮೇಲೆ ಸೀಮೆಸುಣ್ಣದ ಗೆರೆಗಳು ರಂಗೋಲಿಯಂತೆ ತುಂಬಿಹೋದವು. ಬೇರೆ ಗಂಡ ಹೆಂಡಿರು ಸಂಜೆ ಕೆರೆಯ ಏರಿಯ ಮೇಲೆ ಓಡಾಡುವ ಹೊತ್ತಿನಲ್ಲಿ ನಾವು ಹೀಗೆ ಇರುತ್ತಿದ್ದೆವು. ನಿಜ ಹೇಳಬೇಕೆಂದರೆ, ಮೊದಮೊದಲು ನನಗೆ ಅದೂ ಇಷ್ಟವಾಗಿತ್ತು. ಅವರು ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದದ್ದು ಆ ಕೋಣೆಯಲ್ಲಿ ಮಾತ್ರ.

ನಾನು ಕೆಲಸ ಮಾಡುವಾಗ ಗುನುಗುವವಳು. ಅಂಗಡಿಯಲ್ಲಿ ಪಾತ್ರೆ ಒರೆಸುತ್ತ ರೂಢಿಯಾದದ್ದು. ಮದುವೆಯಾಗಿ ತಿಂಗಳಾಗಿರಬೇಕು, ಒಂದು ದಿನ ದೋಸೆಗೆ ರುಬ್ಬುತ್ತ ಏನೋ ಹಾಡಿಕೊಳ್ಳುತ್ತಿದ್ದೆ. ಪಡಸಾಲೆಯಿಂದ ಅವರ ದನಿ ಬಂತು: "ಸಾಕು ಮಾಡು. ಇದೇನು ಮನೆಯೋ ಛತ್ರವೋ?" ಸಿಟ್ಟಿನಿಂದ ಹೇಳಿದ್ದಲ್ಲ. ಹೊಸಿಲ ಮೇಲೆ ಮಲಗಿದ ನಾಯಿಯನ್ನು ಏಳಿಸುವ ಹಾಗೆ ಹೇಳಿದ್ದು. ನಾನು ನಿಲ್ಲಿಸಿದೆ. ಆಮೇಲೆ ಆ ಮನೆಯಲ್ಲಿ ಬಾಯಿ ಬಿಟ್ಟು ಹಾಡಲಿಲ್ಲ. ಒಮ್ಮೆ ಯಾವುದೋ ಮಾತಿಗೆ, ನನಗೂ ಒಂದು ಕ್ಯಾಸೆಟ್ಟು ತಂದುಕೊಡಿ, ಈ ಸ್ಪೀಕರಿನಲ್ಲಿ ಒಂದು ಹಾಡು ಕೇಳುತ್ತೇನೆ ಎಂದಿದ್ದಕ್ಕೆ, "ನಿನಗ್ಯಾಕೆ? ನಿನಗೆ ಹಾಡೂ ಒಂದೇ, ಪಾತ್ರೆ ಸದ್ದೂ ಒಂದೇ" ಎಂದು ನಕ್ಕರು. ಹನ್ನೊಂದು ವರ್ಷ ಆ ಕೋಣೆಯಲ್ಲಿ ನಾನು ಕೇಳಿದ್ದು ಅಕ್ಕಿ, ನೀರು, ಹರಿದ ಬಟ್ಟೆ, ಪರೀಕ್ಷೆಗೆಂದು ಹಿಡಿದ ನಾಲ್ಕು ಮಾತು.

ವಾರಿಜಳಿಗೆ ಒಬ್ಬಳು ತಂಗಿ, ಇಂದುಮತಿ; ಎಲ್ಲರ ಬಾಯಲ್ಲೂ ಇಂದು. ನಮ್ಮ ಬೀದಿಯ ಹಿಂದಿನ ಬೀದಿಯಲ್ಲೇ ಇದ್ದಳು, ರವಿಕೆ ಹೊಲಿದು ಜೀವನ ಮಾಡುತ್ತಿದ್ದಳು. ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ನನಗೆ ಒಡಹುಟ್ಟಿದವರಿಲ್ಲ, ಇಂದು ಬಂದರೆ ಮನೆಗೆ ಬೆಳಕು ಬಂದಂತಾಗುತ್ತಿತ್ತು. ಪ್ರತಿ ಯುಗಾದಿಗೆ ಬಂದು, ಬೇವು ಬೆಲ್ಲ ತಿಂದು, ಅವರ ಎದುರು ನಿಲ್ಲುತ್ತಿದ್ದಳು. "ಭಾವ, ಅಕ್ಕನ ಕ್ಯಾಸೆಟ್ ಒಂದ್ಸಲ ಕೊಡ್ತೀರಾ? ನಮ್ಮನೆ ಸೆಟ್ಟಲ್ಲೇ ಕೇಳ್ಕೊಂಡು ಅರ್ಧ ಗಂಟೇಲಿ ತಂದ್ಕೊಡ್ತೀನಿ."

"ಆ ಡಬ್ಬದಲ್ಲಾ? ಇರೋದೊಂದು ಸಲ, ಅದನ್ನೂ ಹಾಳು ಮಾಡ್ಕೋತೀಯಾ? ತಡಿ. ಇಲ್ಲಿ ಎಲ್ಲಾ ಸರಿಹೋಗ್ಲಿ. ನಾನು ಕೇಳಿದ ಮೇಲೆ ನಿನಗೇ."

"ಯಾವಾಗ ಭಾವ?"

"ಬರೋ ಯುಗಾದಿಗೆ."

ಅವಳು ತಲೆಯಾಡಿಸಿ ಹೋಗುತ್ತಿದ್ದಳು. ಒಂದು ವರ್ಷ ಮಾತ್ರ, ನನ್ನ ಜತೆ ಅಡುಗೆಮನೆಯಲ್ಲಿ ಕೂತು, "ನಂಗೆ ಅವಳ ದನಿ ಮರ್ತೇ ಹೋಗ್ತಿದೆ ಅಕ್ಕ. ಮುಖ ಇದೆ, ದನಿ ಇಲ್ಲ" ಎಂದಳು. ನಾನು ರಾತ್ರಿ ಊಟಕ್ಕೆ ಬಡಿಸುವಾಗ ಗಂಡನಿಗೆ ಹೇಳಿದೆ. ಅವರು, "ಈ ಜೋಡಿಯಲ್ಲಿ 'ಸ' ಅಕ್ಷರ ಸೀಟಿ ಹೊಡೀತಾ ಇದೆ, ನೀನೇ ಹೇಳಿದ್ದಲ್ವಾ?" ಎಂದರು. ಹೇಳಿದ್ದು ನಾನೇ. ನನ್ನ ಬಾಯಿಂದಲೇ ಇಂದುವಿನ ಒಂದೊಂದು ವರ್ಷ ಹೋಗುತ್ತಿತ್ತು. ಆಮೇಲೆ ಚೆನ್ನಾಗಿಲ್ಲದ್ದನ್ನೂ ಚೆನ್ನಾಗಿದೆ ಎಂದು ನೋಡಿದೆ. ಆದರೆ ಅವರು ನನ್ನ ಹುಬ್ಬು ನೋಡಿ ಕಂಡುಹಿಡಿಯುತ್ತಿದ್ದರು.

ಹನ್ನೊಂದನೇ ವರ್ಷ ದಸ್ತಗೀರ್ ಸಾಹೇಬರು ಹೇಳಿಕಳಿಸಿದರು. ಹೋದೆವು. ಬೀಟೆಯ ಎರಡು ಪೆಟ್ಟಿಗೆ, ಸೊಂಟದೆತ್ತರ, ನೋಡಲು ಏನೂ ಇಲ್ಲ. ಸಾಹೇಬರು ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ನೀರು ಬಗ್ಗಿಸಿ ಹಿಡಿದು ಹಾಕಿದರು. ನನಗೆ ಬಾಯಾರಿತು. ಅಷ್ಟು ನಿಜ. ನೀರಿನ ಹಿಂದೆ ಅಂಗಡಿಯ ಹೊರಗೆ ಯಾರೋ ಸೈಕಲ್ಲಿನ ಸ್ಟ್ಯಾಂಡು ಒದ್ದು ನಿಲ್ಲಿಸಿದ್ದು, ಸಾಹೇಬರ ಉಸಿರು, ನನ್ನ ಬಳೆಯ ಸದ್ದು ಎಲ್ಲ ಬೇರೆಬೇರೆಯಾಗಿ, ಅವು ಇದ್ದ ಕಡೆಯಿಂದಲೇ ಬಂದವು. ನಾನು ಏನೂ ಹೇಳಬೇಕಾಗಲಿಲ್ಲ. ನನ್ನ ಮುಖ ನೋಡಿಯೇ ಇವರು, "ಇದೇ" ಎಂದರು.

ಸಾಹೇಬರು ನನ್ನ ಕಡೆ ತಿರುಗಿ, "ಅಮ್ಮಾ, ಇದರಲ್ಲಿ ಹಾಡೋರು ಎಂಜಲು ನುಂಗಿದ್ದೂ ಕೇಳತ್ತೆ. ಮನೇಲಿ ಏನಿದ್ಯೋ ಅದೆಲ್ಲ ಕೇಳತ್ತೆ. ಯಜಮಾನ್ರಿಗೆ ಅದು ಬೇಕಾ, ಕೇಳಿ ನೋಡಿ. ಕೆಲವರು ಒಯ್ದು ವಾಪಸ್ ತಂದಿದ್ದಾರೆ" ಎಂದರು.

"ನಮಗೆ ಅದೇ ಬೇಕಿರೋದು" ಎಂದರು ಇವರು.

ಪೆಟ್ಟಿಗೆಗಳು ಬಂದು, ಜಾಗ ಹಿಡಿದು ಕೂತ ಮೇಲೆ ಇನ್ನೊಂದು ಭಯ ಶುರುವಾಯಿತು. ಹದಿಮೂರು ವರ್ಷದ ಕ್ಯಾಸೆಟ್ಟು, ಬೂಷ್ಟು ಹಿಡಿದಿದ್ದರೆ? ಅವರೇ ಹಾಕಿ ನೋಡುವಂತಿಲ್ಲ. "ನೀನು ಶುರುವಿನದು ಸ್ವಲ್ಪ ಕೇಳಿ ನೋಡು. ಸ್ವಲ್ಪವೇ. ದನಿ ಬಂದ ಕೂಡ್ಲೆ ನಿಲ್ಸು" ಎಂದು ನನ್ನನ್ನು ಒಳಗೆ ಬಿಟ್ಟು, ಹೊರಗೆ ನಿಂತು ಬಾಗಿಲು ಹಾಕಿಕೊಂಡರು.

ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದೆ. ಮೊದಲು ಒಂದು ಕೋಣೆಯ ಸದ್ದು ಬಂತು. ಖಾಲಿ ಕೋಣೆಗೂ ಒಂದು ಸದ್ದಿರುತ್ತದೆ. ಅದು ನಮ್ಮ ಅಡುಗೆಮನೆಯ ಪಕ್ಕದ ಉಗ್ರಾಣ ಎಂದು ನನಗೆ ತಕ್ಷಣ ತಿಳಿಯಿತು. ಅಲ್ಲಿ ಕೂತು ನಾನು ಎಷ್ಟು ವರ್ಷ ಅಕ್ಕಿ ಆರಿಸಿಲ್ಲ. ಆಮೇಲೆ ಒಬ್ಬಳು ಗಂಟಲು ಸರಿಮಾಡಿಕೊಂಡಳು. "ಸುತ್ತುತಾ ಇದ್ಯಾ ಇದು?" ಎಂದು ತನಗೆ ತಾನೇ ಕೇಳಿಕೊಂಡಳು. ಸಣ್ಣ ನಗು. ಹಾಡು ಶುರುವಾಯಿತು. ಎರಡು ಸಾಲು ಕೇಳಿ ನಿಲ್ಲಿಸಿದೆ. ಟೇಪ್ ಡೆಕ್ಕಿನ ಪುಟ್ಟ ಕಿಟಕಿಯಲ್ಲಿ, ಸುತ್ತು ಎಣಿಸುವ ಅಂಕಿ ಇಪ್ಪತ್ತಕ್ಕೆ ಬಂದಿತ್ತು.

ಹನ್ನೊಂದು ವರ್ಷ ನಾನು ಅವಳನ್ನು ಸವತಿ ಎಂದೇ ಎಣಿಸಿದ್ದೆ. ಆ ಎರಡು ಸಾಲಿನಲ್ಲಿ ಅವಳು ನನ್ನ ಪಕ್ಕ ಬಂದು ಕೂತು ಹೋದಳು. ಅಂಥ ಮಹಾ ಗಾಯಕಿಯೇನಲ್ಲ. ಶ್ರುತಿ ಶುದ್ಧ, ದನಿಯಲ್ಲಿ ಸ್ವಲ್ಪ ಅಂಜಿಕೆ, ಕದ್ದು ಹುಣಸೆಹಣ್ಣು ತಿನ್ನುವವರ ಖುಷಿ.

"ಹೇಗಿದೆ?" ಎಂದರು ಹೊರಗಿನಿಂದ.

"ಚೆನ್ನಾಗಿದೆ" ಎಂದೆ. ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿಟ್ಟು, ಅಂಕಿಯನ್ನು ಸೊನ್ನೆಗೆ ತಂದು ಹೊರಗೆ ಬಂದೆ.

ಭಾನುವಾರ ಬೆಳಿಗ್ಗೆ ಅವರು ತಲೆಗೆ ಸ್ನಾನ ಮಾಡಿ, ಜರಿಯಂಚಿನ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟುಕೊಂಡು ಕೋಣೆಗೆ ಹೋದರು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ನನಗೂ ಒಂದು ಕುರ್ಚಿ ಹಾಕುತ್ತಾರೆ ಎಂದುಕೊಂಡಿದ್ದೆನೋ ಏನೋ. ಅವರು, "ಯಾರೂ ಬಾಗಿಲು ತಟ್ಟದ ಹಾಗೆ ನೋಡ್ಕೊ" ಎಂದು ಕದ ಮುಚ್ಚಿದರು.

ನಾನು ಹೊರಗೆ ಗೋಡೆಗೆ ಒರಗಿ ಕೂತೆ. ಆ ಗೋಡೆಯಿಂದ ಒಂದು ಪಿಸುಮಾತೂ ಹೊರಗೆ ಬರುವುದಿಲ್ಲ. ಅದನ್ನು ಹಾಗೆ ಮಾಡಿಸಿದ್ದು ನಾವೇ. ಅರ್ಧ ಗಂಟೆ ಎಂದು ಲೆಕ್ಕ ಹಾಕಿ ಪಾಯಸಕ್ಕೆ ಶ್ಯಾವಿಗೆ ಹುರಿದಿಟ್ಟಿದ್ದೆ. ಐದು ನಿಮಿಷವೂ ಆಗಿರಲಿಲ್ಲ, ಬಾಗಿಲು ತೆರೆಯಿತು. ಅವರ ಮುಖ ಒರೆಸಿದ ಹಲಗೆಯ ಹಾಗಿತ್ತು.

"ಏನಾಯ್ತು? ಬೂಷ್ಟು ಹಿಡಿದಿತ್ತಾ?"

"ಮುಗೀತು" ಎಂದರು. ಚಪ್ಪಲಿ ಮೆಟ್ಟಿಕೊಂಡು, ಜರಿ ಪಂಚೆಯಲ್ಲೇ ಬೀದಿಗಿಳಿದು ಹೋದರು.

ನಾನು ಒಳಗೆ ಹೋದೆ. ಅಂಕಿ ನೂರ ಹನ್ನೆರಡರಲ್ಲಿ ನಿಂತಿತ್ತು. ಎಡಗಡೆ ಇನ್ನೂ ದಪ್ಪ ಸುರುಳಿ ಹಾಗೇ ಇತ್ತು. ಮುಗಿದಿರಲಿಲ್ಲ, ಅವರು ನಿಲ್ಲಿಸಿದ್ದರು. ನಾನು ಹಿಂದಕ್ಕೆ ಸುತ್ತಿ, ಅವರ ಕುರ್ಚಿಯಲ್ಲೇ ಕೂತು ಗುಂಡಿ ಒತ್ತಿದೆ. ಕೇಳಬಹುದೇ ಎಂದು ಯಾರನ್ನೂ ಕೇಳಲಿಲ್ಲ.

ಇಪ್ಪತ್ತರವರೆಗೆ ನನಗೆ ಬರೀ ಮೌನ. ಮೂರನೇ ಸಾಲಿನಿಂದ ಅವಳು ಬಂದಳು. ಹಸೆಗೆ ಕರೆಯುವ ಹಾಡು, ನಿಧಾನದ್ದು. ಮೊದಲ ನುಡಿ ಮುಗಿಯಿತು, ಎರಡನೆಯದು ಶುರುವಾಯಿತು. ದನಿ ಅಂಜಿಕೆ ಬಿಟ್ಟು ಅರಳುತ್ತಾ ಬಂತು. ನೂರು ದಾಟಿತು. ಎರಡನೇ ನುಡಿಯ ಕೊನೆಯಲ್ಲಿ, ದೂರದಲ್ಲಿ, ಪಡಸಾಲೆಯ ಕಡೆಯಿಂದ, ಹೊಸಿಲು ದಾಟಿದ ಹೆಜ್ಜೆ ಕೇಳಿತು. ಆಮೇಲೆ ಆ ದನಿ. ಹದಿಮೂರು ವರ್ಷ ಚಿಕ್ಕದು, ಆದರೆ ಅದೇ.

"ಏನದು? ಯಾರ ಮನೆಯಿಂದ ತಂದೆ ಆ ಡಬ್ಬನ? ಸಾಕು ಮಾಡು. ಇದೇನು ಮನೆಯೋ ಛತ್ರವೋ?"

ಅಂಕಿ ನೂರ ಹತ್ತು. ಹಾಡು ಚಾಕುವಿನಲ್ಲಿ ಕೊಯ್ದಂತೆ ನಿಂತಿತು. ಬಾಗಿಲು ಎಳೆದುಕೊಂಡ ಸದ್ದು. ನೂರ ಹನ್ನೆರಡು. ಅವರು ಅಲ್ಲಿ ಎದ್ದುಹೋಗಿದ್ದರು.

ನಾನು ಏಳಲಿಲ್ಲ. ಕ್ಯಾಸೆಟ್ಟು ಸುತ್ತುತ್ತಲೇ ಇತ್ತು. ಒಂದಷ್ಟು ಹೊತ್ತು ಉಗ್ರಾಣದ ಖಾಲಿ ಸದ್ದು. ಆಮೇಲೆ, ಮೊದಲು ನನ್ನ ಭ್ರಮೆ ಎಂದುಕೊಂಡೆ, ಒಂದು ಎಳೆ. ಅವಳು ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದಳು. ಎರಡನೇ ನುಡಿಯ ತುಂಡಾದ ಜಾಗದಿಂದಲೇ ಎತ್ತಿಕೊಂಡು, ತುಟಿ ಬಿಗಿದುಕೊಂಡು, ಮೂರನೆಯದು, ನಾಲ್ಕನೆಯದು, ಐದನೆಯದು. ಪಕ್ಕದಲ್ಲಿ ಕೂತವರಿಗೂ ಕೇಳಿಸಬಾರದು ಅಷ್ಟು ಮೆಲ್ಲಗೆ. ಬೇರೆ ಯಾವ ಸ್ಪೀಕರಿನಲ್ಲೂ ಅದು ಸರಸರ ಎನ್ನುವ ಗಾಳಿಯೇ ಆಗಿಬಿಡುತ್ತಿತ್ತು. ಗಂಡನ ದನಿಯೂ ಎಲ್ಲೋ ಕದ ಬಡಿದ ಹಾಗೆ ಕೇಳಿ ಹೋಗುತ್ತಿತ್ತು. ಹನ್ನೊಂದು ವರ್ಷ ಕೂತು ಆರಿಸಿದ್ದಕ್ಕೆ ಎರಡೂ ಕೇಳಿದವು. ಕೊನೆಗೆ ಒಂದು ನಿಟ್ಟುಸಿರು, ಬಳೆ ಸರಿದದ್ದು, ಟಕ್ಕೆಂದು ಗುಂಡಿ.

ಟೇಪ್ ರೆಕಾರ್ಡರ್ ತಂದುಕೊಟ್ಟು ಕೂರಿಸಿ ಹಾಡಿಸಿದ ಗಂಡ ಮಧ್ಯಾಹ್ನ ಮನೆಗೆ ಬಂದರು. ಕೈಕಾಲು ತೊಳೆದು ಎಲೆಯ ಮುಂದೆ ಕೂತರು. ಪಾಯಸ ಮುಟ್ಟಲಿಲ್ಲ. "ಆ ಪೆಟ್ಟಿಗೆಗಳನ್ನ ನಾಡಿದ್ದು ದಸ್ತಗೀರಂಗೆ ವಾಪಸ್ ಕಳ್ಸು. ಕ್ಯಾಸೆಟ್ ಒಲೆಗೆ ಹಾಕು" ಎಂದರು.

ಸೋಮವಾರ ಅವರು ಕೋರ್ಟಿಗೆ ಹೋದ ಕೂಡಲೇ ಇಂದುವನ್ನು ಕರೆಸಿದೆ. ಓಡೋಡುತ್ತ ಬಂದಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ನಾನು ಅವಳನ್ನು ಕೂರಿಸಿ ಹೇಳಿದೆ: "ನೋಡು, ಇದನ್ನ ನಿಮ್ಮನೆ ಸೆಟ್ಟಲ್ಲಿ ಹಾಕಿದ್ರೆ ಎರಡು ನುಡಿ ಹಾಡು ಕೇಳತ್ತೆ, ಚೆನ್ನಾಗಿದೆ, ಅಷ್ಟಕ್ಕೇ ಮುಗಿಯತ್ತೆ. ಇಲ್ಲಿ ಹಾಕಿದ್ರೆ ಕೇಳಬಾರದ್ದೊಂದು ಕೇಳತ್ತೆ. ಅದಾದ ಮೇಲೆ ಇನ್ನೂ ಇದೆ. ಯಾವುದ್ರಲ್ಲಿ ಕೇಳ್ತೀಯೋ ನೀನೇ ಹೇಳು."

"ಕೇಳಬಾರದ್ದು ಅಂದ್ರೆ? ಭಾವ ಬೈದಿರ್ತಾರೆ."

ನಾನು ಕ್ಯಾಸೆಟ್ಟನ್ನು ಅವಳ ಕೈಗಿಟ್ಟೆ.

"ಬೈತಿದ್ರು ಬಿಡು. ಅವಳು ನನ್ನ ಹತ್ರ ಹೇಳ್ತಿದ್ಲು. ಇಲ್ಲೇ ಹಾಕು ಅಕ್ಕ."

ಅವಳು ಒಳಗೆ ಕೂತಳು, ನಾನು ಹೊರಗೆ. ಈ ಸಲ ಇಪ್ಪತ್ತೈದು ನಿಮಿಷ. ಹೊರಗೆ ಬಂದಾಗ ಕಣ್ಣು ಮುಖ ಎಲ್ಲ ಊದಿತ್ತು, ಆದರೆ ನಗುತ್ತಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು. "ಪೂರ್ತಿ ಮಾಡಿದಾಳೆ ಕಣೇ ಅಕ್ಕ. ಐದೂ ನುಡಿ. ಬಾಯಿ ಮುಚ್ಕೊಂಡೇ ಪೂರ್ತಿ ಮಾಡಿದಾಳೆ. ನಮ್ಮಜ್ಜಿ ಹಾಡು ಅದು. ಮೊದಲೆರಡು ಹೆತ್ತವರದ್ದು. ಮೂರನೇದು ತಂಗೀದು, ನಂದು. ನಾಲ್ಕನೇದು ಯಾರದ್ದು ಗೊತ್ತಾ?"

"ಯಾರದ್ದು?"

"ಗಂಡಂದು. ಗಂಡನ್ನ ಹಸೆಗೆ ಕರೆಯೋದು. ನೋಡಿದ್ಯಾ ಅಲ್ಲಿ ಎಷ್ಟು ನಿಧಾನ ಮಾಡಿದಾಳೆ? ಆಗಷ್ಟೇ ಅಷ್ಟು ಅನ್ನಿಸ್ಕೊಂಡಿದಾಳೆ, ಆದ್ರೂ ಅದನ್ನ ಬಿಟ್ಟಿಲ್ಲ ನೋಡು. ಎರಡೆರಡು ಸಲ ಎಳೆದಿದಾಳೆ. ಭಾವ ಅದನ್ನ ಕೇಳಿ ಏನಂದ್ರು?"

ಅವರು ಅಲ್ಲಿಯವರೆಗೆ ಕೇಳಲೇ ಇಲ್ಲ, ತಮ್ಮ ದನಿ ಬಂದ ಕೂಡಲೆ ನಿಲ್ಲಿಸಿ ಎದ್ದು ಹೋದರು ಎಂದು ನಾನು ಹೇಳಿದೆ. ಇಂದುವಿನ ನಗು ಹೋಯಿತು.

"ಹಾಗಾದ್ರೆ ಅವ್ರಿಗೆ ಅದು ಇನ್ನೂ ಇದೆ" ಎಂದಳು. "ಈಗ ಹಾಕಿದ್ರೆ ಅವ್ರ ಬೈಗುಳ ಅವ್ರಿಗೆ ಕೇಳಲ್ಲ. ಅದು ಆಗಿಹೋಯ್ತು. ಅವಳು ಕರೆಯೋದು ಒಂದೇ ಕೇಳತ್ತೆ. ಹೇಳು ಅಕ್ಕ ಅವ್ರಿಗೆ. ಇವತ್ತೇ ಹೇಳು. ಪೆಟ್ಟಿಗೆ ಹೋಗೋ ಮುಂಚೆ."

"ನೀನೇ ಹೇಳು."

"ನಾನು ಹೇಳಿದ್ರೆ ಹಂಗಿಸಿದ ಹಾಗಾಗತ್ತೆ. ನೀನು ಹೇಳು. ಪಾಪ, ಹದಿಮೂರು ವರ್ಷ ಕಾದಿದ್ದಾರೆ."

ಹೇಳುತ್ತೇನೆ ಎಂದೆ. ಆ ಮಾತು ಕೊಟ್ಟಾಗ ಸುಳ್ಳು ಹೇಳಬೇಕೆಂದು ನನ್ನ ಮನಸ್ಸಿನಲ್ಲಿ ಖಂಡಿತ ಇರಲಿಲ್ಲ.

ಸಂಜೆ ಅವರು ಬಂದು ಕಾಫಿ ಕುಡಿದರು. ಕೋಣೆಯ ಬಾಗಿಲು ಅರ್ಧ ತೆರೆದಿದ್ದದ್ದು ಕಂಡಿರಬೇಕು. ಲೋಟವನ್ನು ತಿರುಗಿಸುತ್ತಾ, ನನ್ನ ಕಡೆ ನೋಡದೆ ಕೇಳಿದರು: "ಇಂದು ಬಂದಿದ್ಲಾ?"

"ಹ್ಞೂ."

"ಕೇಳಿದ್ಲಾ?"

"ಕೇಳಿದ್ಲು. ನಾನೂ ಕೇಳಿದೆ."

ಅವರು ಲೋಟ ಕೆಳಗಿಟ್ಟರು. ಕಿವಿಯ ತುದಿ ಕೆಂಪಾಯಿತು. ಈಗ ಏನಾದರೂ ಹೇಳುತ್ತಾರೆ ಎಂದು ನಾನು ಕಾದೆ. ವಾರಿಜಳ ಬಗ್ಗೆ ಒಂದು ಮಾತು, ಅರ್ಧ ಮಾತು ಹೇಳಿದ್ದರೂ ಸಾಕಿತ್ತು. ನಾನು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ನಾಲಿಗೆಯ ತುದಿಯಲ್ಲೇ ಇತ್ತು.

"ಸರಿಯಿಲ್ಲ ಆ ಸ್ಪೀಕರು" ಎಂದರು. "ಇಲ್ಲದ್ದನ್ನೆಲ್ಲ ಹುಟ್ಟಿಸತ್ತೆ. ನಿನ್ನ ಕಿವಿ ನಂಬ್ಕೊಂಡು ಕೆಟ್ಟೆ. ಮೊದಲ್ನೇ ಜೋಡಿಯೇ ಸಾಕಾಗಿತ್ತು. ನೀನು ಆ ಕೊರತೆ ಈ ಕೊರತೆ ಅಂತ ಹನ್ನೊಂದು ವರ್ಷ ಹಾಳು ಮಾಡ್ದೆ."

ನಾನು ಅವರ ಲೋಟ ಎತ್ತಿಕೊಂಡೆ. ಅಡುಗೆಮನೆಯ ಬಾಗಿಲು ದಾಟುವಾಗ ಅವರು ಹಿಂದಿನಿಂದ, ಬೇರೆಯದೇ ದನಿಯಲ್ಲಿ, ನಾನು ಆ ಮನೆಗೆ ಬಂದ ಮೇಲೆ ಒಂದು ದಿನವೂ ಕೇಳಿರದ ದನಿಯಲ್ಲಿ ಕೇಳಿದರು.

"ಅಂಬುಜಾ. ಆಮೇಲೆ... ಅದಾದ ಮೇಲೆ... ಏನಾದ್ರೂ ಇತ್ತಾ?"

ನಾನು ತಿರುಗಿ ನೋಡಿದೆ. ಕುರ್ಚಿಯ ಕೈ ಹಿಡಿದುಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. ಪೆಟ್ಟಿಗೆ ಸರಿಸುವಾಗ ನೋಡುತ್ತಿದ್ದರಲ್ಲ, ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಹುಬ್ಬನ್ನು ನಾನು ಅಲುಗಿಸಲಿಲ್ಲ.

"ಏನೂ ಇರ್ಲಿಲ್ಲ" ಎಂದೆ. "ಬರೀ ಗಾಳಿ ಸದ್ದು."

ಅವರು ಎರಡು ಸಲ ತಲೆಯಾಡಿಸಿದರು. ಎದ್ದು ಹೋಗಿ ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿದರು.

ಮಂಗಳವಾರ ದಸ್ತಗೀರ್ ಸಾಹೇಬರ ಗಾಡಿ ಬಂದು ಪೆಟ್ಟಿಗೆಗಳನ್ನು ಹೇರಿಕೊಂಡು ಹೋಯಿತು. ಕ್ಯಾಸೆಟ್ಟನ್ನು ನಾನು ಒಲೆಗೆ ಹಾಕಲಿಲ್ಲ, ಇಂದುವಿಗೆ ಕೊಟ್ಟೆ. ಸುಟ್ಟೆ ಎಂದು ಇವರಿಗೆ ಹೇಳಿದೆ. ಅವರು ಆಮೇಲೆ ಆರು ವರ್ಷ ಬದುಕಿದರು. ಕೋಣೆಯಲ್ಲಿ ಹಳೆಯ ಕೋರ್ಟಿನ ಕಾಗದದ ಕಟ್ಟುಗಳನ್ನು ತುಂಬಿದೆವು. ಕೆಲವು ದಿನ ಊಟದ ನಡುವೆ ಕೈ ನಿಲ್ಲಿಸಿ, ತಲೆ ಓರೆ ಮಾಡಿ, ಏನೋ ಕೇಳಿಸಿದವರ ಹಾಗೆ ಕೂರುತ್ತಿದ್ದರು. ಆಗೆಲ್ಲ ಹೇಳಿಬಿಡೋಣ ಎನ್ನಿಸಿದೆ. ಎದುರಿಗೆ ಕೂತು ಸಾರು ಬಡಿಸುತ್ತಾ ಹೇಳದೆಯೇ ಉಳಿದಿದ್ದೇನೆ. ಯಾಕೆ ಎಂದು ಕೇಳಿದರೆ ಒಂದು ಕಾರಣ ತೋರಿಸಲಾರೆ. ವಾರಿಜಳಿಗಾಗಿ ಎಂದು ಕೆಲವು ಕಾಲ ನನಗೆ ನಾನೇ ಹೇಳಿಕೊಂಡೆ. ಅವಳು ಕರೆದಿದ್ದಳು, ಕರೆ ಮುಟ್ಟದಂತೆ ಮಾಡಿದ್ದು ನಾನು. ಅದು ಅವಳಿಗಾಗಿ ಹೇಗಾದೀತು.

ಪೆಟ್ಟಿಗೆಗಳು ಹೋದ ಮೇಲಿನ ಮೊದಲ ಯುಗಾದಿಗೆ ಇಂದು ಎಂದಿನಂತೆ ಬಂದಳು. ಇವರು ಪಡಸಾಲೆಯಲ್ಲಿ ಪಂಚಾಂಗ ನೋಡುತ್ತಾ ಕೂತಿದ್ದರು. ಅವಳು ನಮಸ್ಕಾರ ಮಾಡಿ, ಏನೂ ಮಾತೆತ್ತದೆ, ನೇರ ಅಡುಗೆಮನೆಗೆ ಬಂದು ನನ್ನ ಕಿವಿಯ ಹತ್ತಿರ ಬಾಗಿದಳು.

"ಹೇಳಿದ್ಯಾ ಅಕ್ಕ?"

"ಹೇಳಿದೆ."

"ಕೇಳಿದ್ರಾ? ನಾಲ್ಕನೇದು?"

"ಕೇಳಿದ್ರು."

"ಏನಂದ್ರು?"

ಒಲೆಯ ಮೇಲೆ ಹೂರಣ ಕುದಿಯುತ್ತಿತ್ತು. ಸೌಟು ತಿರುವುತ್ತಾ, "ಅತ್ತರು" ಎಂದೆ.

ಇಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಂಗೆ ಪುಣ್ಯ ಬರತ್ತೆ ಅಕ್ಕ" ಎಂದಳು.